ಪಾರದರ್ಶಕ ಪೀಠೋಪಕರಣ

ಅಕ್ರಿಲಿಕ್, ಪಾಲಿಕಾರ್ಬೊನೇಟ್ ಅಥವಾ ಗಟ್ಟಿ ಗಾಜಿನಲ್ಲಿ ಮಾಡಿದ, ಆಚೆಬದಿ ಕಾಣುವ ಕುರ್ಚಿ, ಮೇಜು, ಕಪಾಟುಗಳು. ಘನ, ಉರುಳೆ, ಶಂಕುವಿನಂಥ ಸರಳ ಆಕಾರಗಳಿಗೆ ಬಣ್ಣದ ಹಾಳೆ ಕೂಡಿದಾಗ ಕೋಣೆಗೆ ಆಟದ ಕಳೆ ಬರುತ್ತದೆ: ಹಳದಿ ಹಾಳೆಯನ್ನು ನೀಲಿ ಹಾಳೆ ದಾಟುವಲ್ಲಿ ಹಸಿರು ಮೂಡುತ್ತದೆ, ಬಿಸಿಲಿಗೆ ನೆರಳೂ ಬಣ್ಣವಾಗುತ್ತದೆ. ಜಪಾನಿನ ಶಿರೊ ಕುರಮಾತ 1988ರಲ್ಲಿ ಅಕ್ರಿಲಿಕ್‌ನೊಳಗೆ ಕೃತಕ ಗುಲಾಬಿ ಹುದುಗಿಸಿ ‘ಮಿಸ್ ಬ್ಲಾಂಚ್’ ಕುರ್ಚಿ ರೂಪಿಸಿದರು. ಹೆಚ್ಚು ಮನೆಗಳಿಗೆ ತಲುಪಿದ್ದು ಫಿಲಿಪ್ ಸ್ಟಾರ್ಕ್ ಇಟಲಿಯ ಕಾರ್ಟೆಲ್ ಸಂಸ್ಥೆಗಾಗಿ 2002ರಲ್ಲಿ ವಿನ್ಯಾಸಗೊಳಿಸಿದ ‘ಲೂಯಿ ಘೋಸ್ಟ್’. ಅರಮನೆ ಕುರ್ಚಿಯ ಗತ್ತು, ಒಂದೇ ಅಚ್ಚಿನ ಪ್ಲಾಸ್ಟಿಕ್ ಮೈ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಪರಂಪರೆ ಚನ್ನಪಟ್ಟಣದ್ದು. ಲೇತಿನಲ್ಲಿ ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅದು ಕರಗಿ ಅಂಟುತ್ತದೆ. ಬಣ್ಣ, ಆಕಾರ ಎರಡೂ ಉಂಟು, ಪಾರದರ್ಶಕತೆ ಇಲ್ಲ. ಅದನ್ನು ಕರಾವಳಿ ತನ್ನ ಮಾಡಿನಲ್ಲೇ ಕಂಡಿದೆ: ಮಂಗಳೂರಿನ ಹಂಚಿನ ಮನೆಗಳಲ್ಲಿ ಬೆಳಕಿಗೆಂದು ನಡುನಡುವೆ ಗಾಜಿನ ಹಂಚು ಹೊದಿಸುವ ರೂಢಿ ಹಳೆಯದು.

ಮಂಗಳೂರಿನ ಅತ್ತಾವರದಂಥ ಬಡಾವಣೆಗಳಲ್ಲಿ ಅಕ್ರಿಲಿಕ್‌ಗೆ ಒಂದು ಅನುಕೂಲವಿದೆ: ಗೆದ್ದಲು ಹಿಡಿಯದು, ಮಳೆಗಾಲದಲ್ಲಿ ಮರದಂತೆ ಉಬ್ಬದು. ಗೀರು ಮಾತ್ರ ಬೇಗ ಬೀಳುತ್ತದೆ. ಸ್ಪಿರಿಟ್ ತಾಗಿದರೆ ಸಣ್ಣ ಬಿರುಕುಗಳೇಳುವುದರಿಂದ ಸೋಪುನೀರು, ಮೆತ್ತನೆಯ ಬಟ್ಟೆಯಲ್ಲೇ ಒರೆಸಬೇಕು.