ದುಡಿಮೆಯ ಗಂಟೆಗಳು: ಒಂದು ತಪ್ಪು ಲೆಕ್ಕದ ಇತಿಹಾಸ

ಹತ್ತು ಗಂಟೆಯಲ್ಲಿ ನೂರು ಗಜ ಬಟ್ಟೆ ತಯಾರಾದರೆ ಹನ್ನೆರಡು ಗಂಟೆಯಲ್ಲಿ ನೂರಿಪ್ಪತ್ತು ಗಜ ಆಗಲೇಬೇಕು ಎಂಬ ಲೆಕ್ಕ ಕಾರ್ಖಾನೆಯಷ್ಟೇ ಹಳೆಯದು. ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಹಾಜರಿ ಪುಸ್ತಕದ ಜೊತೆಗೆ ಉತ್ಪಾದನೆಯ ಲೆಕ್ಕವನ್ನೂ ಇಟ್ಟು ನೋಡಿದ ಕಡೆಗಳಲ್ಲಿ ಇದು ಮತ್ತೆ ಮತ್ತೆ ತಾಳೆ ತಪ್ಪಿದೆ. 1844ರ ಹತ್ತಿ ಗಿರಣಿಯಿಂದ ಹಿಡಿದು ಮೊದಲ ಮಹಾಯುದ್ಧದ ಮದ್ದುಗುಂಡು ಕಾರ್ಖಾನೆಗಳವರೆಗೆ ಇದರ ಪುರಾವೆ ಸಿಕ್ಕಿದೆ, ಸಿಕ್ಕಿದ ಪುರಾವೆ ಮರೆತೂ ಹೋಗಿದೆ.

ಯಂತ್ರದ ಲೆಕ್ಕ

ಕಾರ್ಖಾನೆಗಳು ಬರುವ ಮೊದಲು ಇಂಗ್ಲೆಂಡಿನ ಕೈಮಗ್ಗದವರ ಕೂಲಿ ನಿಗದಿಯಾಗುತ್ತಿದ್ದದ್ದು ಮುಗಿಸಿಕೊಟ್ಟ ಬಟ್ಟೆಯ ಮೇಲೆ. ವಾರದ ಆರಂಭದಲ್ಲಿ ಕೆಲಸ ನಿಧಾನವಾಗಿ ಸಾಗುತ್ತಿತ್ತು, ಬಟ್ಟೆ ಒಪ್ಪಿಸುವ ದಿನ ಹತ್ತಿರವಾದಂತೆ ಬಿರುಸಾಗುತ್ತಿತ್ತು. ಸೋಮವಾರ ಮಗ್ಗಕ್ಕೆ ಕೂರದೇ ಇರುವ ರೂಢಿಗೆ ‘ಸೇಂಟ್ ಮಂಡೇ’ ಎಂಬ ತಮಾಷೆಯ ಹೆಸರೂ ಇತ್ತು. ಹಬೆಯಂತ್ರ ಬಂದ ಮೇಲೆ ಈ ಲಯ ಮುರಿಯಿತು. ಮಾಲೀಕ ಸಾಲಸೋಲ ಮಾಡಿ ಹಾಕಿದ ಬಂಡವಾಳ ಯಂತ್ರದಲ್ಲಿತ್ತು. ಅದು ನಿಂತಷ್ಟು ಹೊತ್ತೂ ಅವನಿಗೆ ನಷ್ಟ. ಯಂತ್ರಕ್ಕೆ ದಣಿವಿಲ್ಲ, ಅದು ಓಡಿದಷ್ಟೂ ನೂಲು ಬರುತ್ತದೆ. ಈ ಲೆಕ್ಕವನ್ನೇ ಯಂತ್ರದ ಮುಂದೆ ನಿಂತ ಮನುಷ್ಯನಿಗೂ ಅನ್ವಯಿಸಲಾಯಿತು. ಗಿರಣಿಗಳಲ್ಲಿ ದಿನಕ್ಕೆ 12ರಿಂದ 14 ಗಂಟೆ ದುಡಿಮೆ ಸಾಮಾನ್ಯವಾಯಿತು.

ಇದಕ್ಕೆ ಆರಂಭದಲ್ಲೇ ಒಡಕು ದನಿ ಎತ್ತಿದವರಲ್ಲಿ ಸ್ಕಾಟ್ಲೆಂಡಿನ ನ್ಯೂ ಲನಾರ್ಕ್ ಗಿರಣಿಯ ರಾಬರ್ಟ್ ಓವೆನ್ ಮುಖ್ಯರು. 1816ರಲ್ಲಿ ಅವರು ತಮ್ಮ ಗಿರಣಿಯ ದುಡಿಮೆಯನ್ನು ಹನ್ನೊಂದು ಗಂಟೆಗಿಂತ ಕೆಳಗೆ ಇಳಿಸಿದರು. ಗಿರಣಿ ಲಾಭದಲ್ಲೇ ಮುಂದುವರಿಯಿತು. ಉಳಿದ ಮಾಲೀಕರು ಇದನ್ನು ಒಬ್ಬ ಧರ್ಮಿಷ್ಠನ ವಿಚಿತ್ರ ಸಾಹಸವೆಂದು ಪಕ್ಕಕ್ಕೆ ಸರಿಸಿದರು.

‘ಕೊನೆಯ ಗಂಟೆ’ಯ ವಾದ

ತಪ್ಪು ಲೆಕ್ಕಕ್ಕೆ ಶಾಸ್ತ್ರದ ರೂಪ ಸಿಕ್ಕಿದ್ದು 1837ರಲ್ಲಿ. ಆಕ್ಸ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಸ್ಸಾವ್ ಸೀನಿಯರ್, ದಿನಕ್ಕೆ ಹನ್ನೊಂದೂವರೆ ಗಂಟೆ ಓಡುವ ಗಿರಣಿಯ ದುಡಿಮೆಯನ್ನು 23 ಅರ್ಧ ಗಂಟೆಗಳಾಗಿ ಒಡೆದರು. ಮೊದಲ ಇಪ್ಪತ್ತು ಅರ್ಧ ಗಂಟೆಗಳು ಹಾಕಿದ ಬಂಡವಾಳವನ್ನು ಹಿಂದಿರುಗಿಸುತ್ತವೆ, ಮುಂದಿನ ಒಂದು ಯಂತ್ರದ ಸವೆತವನ್ನು ತುಂಬುತ್ತದೆ, ಉಳಿದ ಎರಡು ಮಾತ್ರ ನಿವ್ವಳ ಲಾಭ ಕೊಡುತ್ತವೆ ಎಂದು ಅವರು ವಾದಿಸಿದರು. ಹಾಗಾದರೆ ಒಂದು ಗಂಟೆ ಕಡಿತವಾದರೆ ಲಾಭವೆಲ್ಲ ಮಾಯ.

ಈ ವಾದದಲ್ಲಿ ಎರಡು ತಪ್ಪುಗಳಿದ್ದವು. ದುಡಿಮೆ ಒಂದು ಗಂಟೆ ಕಡಿಮೆಯಾದರೆ ಆ ಗಂಟೆಗೆ ಬೇಕಾದ ಹತ್ತಿಯ ಖರ್ಚೂ ಉಳಿಯುತ್ತದೆ ಎಂಬುದನ್ನು ಸೀನಿಯರ್ ಕೈಬಿಟ್ಟಿದ್ದರು. ಕಾರ್ಲ್ ಮಾರ್ಕ್ಸ್ 1867ರಲ್ಲಿ ‘ಬಂಡವಾಳ’ದ ಮೊದಲ ಸಂಪುಟದಲ್ಲಿ ಈ ವಾದವನ್ನು ಬಿಡಿಸಿ ಖಂಡಿಸಿದರು. ಎರಡನೆಯ ತಪ್ಪು, ಬೆಳಗಿನ ಮೊದಲ ಗಂಟೆಯಲ್ಲೂ ರಾತ್ರಿಯ ಕೊನೆಯ ಗಂಟೆಯಲ್ಲೂ ಆಳು ಅಷ್ಟೇ ಕೆಲಸ ಮಾಡುತ್ತಾನೆ ಎಂಬ ನಂಬಿಕೆ.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಪ್ರೆಸ್ಟನ್ ಊರಿನ ಗಿರಣಿ ಮಾಲೀಕ ರಾಬರ್ಟ್ ಗಾರ್ಡ್‌ನರ್. 1844ರ ಏಪ್ರಿಲ್ 20ರಿಂದ ಅವರು ತಮ್ಮ ಎರಡು ಗಿರಣಿಗಳ ದುಡಿಮೆಯನ್ನು 12 ಗಂಟೆಯಿಂದ 11ಕ್ಕೆ ಇಳಿಸಿದರು. ಸುಮಾರು ಒಂದು ವರ್ಷದ ಲೆಕ್ಕ ನೋಡಿದಾಗ ಉತ್ಪಾದನೆ ಕುಸಿದಿರಲಿಲ್ಲ, ವೆಚ್ಚ ಏರಿರಲಿಲ್ಲ. ಕೆಲಸದ ಪ್ರಮಾಣಕ್ಕೆ ತಕ್ಕ ಕೂಲಿ ಪಡೆಯುತ್ತಿದ್ದವರು ಹನ್ನೊಂದು ಗಂಟೆಯಲ್ಲೇ ಹಿಂದಿನಷ್ಟು ಸಂಪಾದಿಸಿದ್ದರು. ಮೂರು ವರ್ಷಗಳ ನಂತರ ಬ್ರಿಟಿಷ್ ಸಂಸತ್ತು ಗಿರಣಿಗಳ ಹೆಂಗಸರು ಮತ್ತು ಹದಿಹರೆಯದವರಿಗೆ ಹತ್ತು ಗಂಟೆಯ ಮಿತಿ ವಿಧಿಸಿತು. ಅದರಿಂದ ಹತ್ತಿ ಉದ್ಯಮವೇನೂ ಮುಳುಗಲಿಲ್ಲ. ಮುಂದಿನ ದಶಕಗಳಲ್ಲಿ ಅದು ಬೆಳೆಯುತ್ತಲೇ ಹೋಯಿತು.

ಸಾಲ್ಫರ್ಡ್ ಮತ್ತು ಯೇನಾ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎಂಟು ಗಂಟೆಯ ಬೇಡಿಕೆ ಯುರೋಪಿನ ಕಾರ್ಮಿಕ ಚಳವಳಿಯ ಘೋಷಣೆಯಾಗಿತ್ತು. 1893ರಲ್ಲಿ ಸಾಲ್ಫರ್ಡ್‌ನ ಯಂತ್ರ ತಯಾರಿಕೆ ಸಂಸ್ಥೆ ‘ಮೇದರ್ ಅಂಡ್ ಪ್ಲಾಟ್’ ತನ್ನ ವಾರದ ದುಡಿಮೆಯನ್ನು ಒಂದು ವರ್ಷದ ಮಟ್ಟಿಗೆ 53 ಗಂಟೆಯಿಂದ 48ಕ್ಕೆ ಇಳಿಸಿ ನೋಡಿತು. ಬೆಳಗಿನ ತಿಂಡಿಗೂ ಮೊದಲೇ ಕೆಲಸಕ್ಕೆ ಬರಬೇಕಾದ ಹಳೆಯ ಪದ್ಧತಿ ತಪ್ಪಿತು. ತಡವಾಗಿ ಬರುವುದು, ಹೇಳದೆ ಕೇಳದೆ ಗೈರಾಗುವುದು ಇಳಿಯಿತು, ಉತ್ಪಾದನೆ ಇಳಿಯಲಿಲ್ಲ. ಮರುವರ್ಷ ಬ್ರಿಟಿಷ್ ಸರ್ಕಾರ ತನ್ನ ಶಸ್ತ್ರಾಗಾರ ಮತ್ತು ಹಡಗುಕಟ್ಟೆಗಳಿಗೂ 48 ಗಂಟೆಯ ವಾರವನ್ನು ತಂದಿತು.

ಇನ್ನೂ ಖಚಿತವಾದ ಲೆಕ್ಕ ಸಿಕ್ಕಿದ್ದು ಜರ್ಮನಿಯ ಯೇನಾದಲ್ಲಿ. ಅಲ್ಲಿನ ಕಾರ್ಲ್ ಝೈಸ್ ಕಾರ್ಖಾನೆ ಸೂಕ್ಷ್ಮದರ್ಶಕ ಮತ್ತು ಮಸೂರಗಳಿಗೆ ಹೆಸರಾಗಿತ್ತು. ಅದನ್ನು ನಡೆಸುತ್ತಿದ್ದ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1900ರಲ್ಲಿ ದುಡಿಮೆಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿ, ಮಾಡಿದ ಕೆಲಸದ ಲೆಕ್ಕದಲ್ಲಿ ಕೂಲಿ ಪಡೆಯುವ 233 ಮಂದಿಯ ಗಳಿಕೆಯನ್ನು ಹಿಂದಿನ ವರ್ಷದ್ದಕ್ಕೆ ಹೋಲಿಸಿದರು. ದರ ಬದಲಾಗಿರಲಿಲ್ಲವಾದ್ದರಿಂದ ಗಳಿಕೆಯೇ ಉತ್ಪಾದನೆಯ ಅಳತೆಯಾಯಿತು. ಒಂದು ಗಂಟೆಯ ಗಳಿಕೆ ಸರಾಸರಿ 61.9 ಫೆನ್ನಿಗ್‌ನಿಂದ 71.9ಕ್ಕೆ, ಅಂದರೆ ಶೇ. 16ರಷ್ಟು ಏರಿತ್ತು. ಕಳೆದುಹೋದ ಗಂಟೆಯನ್ನು ಸರಿದೂಗಿಸಲು ಶೇ. 12.5 ಏರಿದ್ದರೆ ಸಾಕಿತ್ತು. ಒಂಬತ್ತು ಗಂಟೆಯಲ್ಲಿ ಆಗುತ್ತಿದ್ದುದಕ್ಕಿಂತ ತುಸು ಹೆಚ್ಚೇ ಕೆಲಸ ಎಂಟು ಗಂಟೆಯಲ್ಲಿ ಆಗಿತ್ತು.

ಸ್ಟಾಪ್‌ವಾಚ್ ಹಿಡಿದವರು

ಸಮಯ ನಿರ್ವಹಣೆ ಎಂದೊಡನೆ ನೆನಪಾಗುವ ಹೆಸರು ಅಮೆರಿಕದ ಎಂಜಿನಿಯರ್ ಫ್ರೆಡ್ರಿಕ್ ವಿನ್ಸ್ಲೋ ಟೇಲರ್. ಆಳುಗಳಿಂದ ಬಿಡುವಿಲ್ಲದೆ ಕೆಲಸ ತೆಗೆದವರು ಎಂಬುದು ಅವರ ಬಗೆಗಿನ ಸಾಮಾನ್ಯ ಅಭಿಪ್ರಾಯ. 1911ರಲ್ಲಿ ಬಂದ ‘ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳು’ ಪುಸ್ತಕದಲ್ಲಿ ಅವರು ಹೇಳಿರುವುದು ಬೇರೆ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಸುಮಾರು 42 ಕಿಲೋ ತೂಕದ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ಬಂಡಿಗೆ ತುಂಬುವ ಆಳು ದಿನದ ಶೇ. 43ರಷ್ಟು ಹೊತ್ತು ಮಾತ್ರ ಹೊರೆ ಹೊರಬಲ್ಲ, ಉಳಿದ ಹೊತ್ತು ಅವನ ಮೈ ಮೇಲೆ ಭಾರವಿರಕೂಡದು ಎಂದು ಅವರು ಬರೆದರು. ಮೇಲ್ವಿಚಾರಕ ಹೇಳಿದಾಗ ಕುಳಿತು, ಹೇಳಿದಾಗ ಎದ್ದ ಆಳು ದಿನಕ್ಕೆ 12.5 ಟನ್ನಿನ ಬದಲು 47.5 ಟನ್ ತುಂಬಿದ ಎಂಬುದು ಅವರ ಕಥನ. ಇದರಲ್ಲಿ ಟೇಲರ್ ಉಪ್ಪುಕಾರ ಹಚ್ಚಿದ್ದಾರೆಂದು ನಂತರದ ಇತಿಹಾಸಕಾರರು ತೋರಿಸಿದ್ದಾರೆ. ಆದರೂ ಬಿಡುವು ಕೆಲಸದ ಒಂದು ಭಾಗವೇ ಎಂಬ ಅವರ ನಿಲುವು ಸ್ಪಷ್ಟವಾಗಿದೆ.

ಅದೇ ಪುಸ್ತಕದಲ್ಲಿ ಸೈಕಲ್ ಬೇರಿಂಗಿನ ಉಕ್ಕಿನ ಗುಂಡುಗಳನ್ನು ಪರೀಕ್ಷಿಸುವ ಹೆಣ್ಣುಮಕ್ಕಳ ಪ್ರಸಂಗವೂ ಇದೆ. ದುಡಿಮೆ ಹತ್ತೂವರೆ ಗಂಟೆಯಿಂದ ಎಂಟೂವರೆಗೆ ಇಳಿಯಿತು, ಸುಮಾರು ಒಂದೂಕಾಲು ಗಂಟೆಗೊಮ್ಮೆ ಹತ್ತು ನಿಮಿಷದ ಬಿಡುವು ಬಂತು. ಕೊನೆಗೆ 120 ಮಂದಿ ಮಾಡುತ್ತಿದ್ದ ಕೆಲಸವನ್ನು 35 ಮಂದಿ ಮಾಡತೊಡಗಿದರು. ಉಳಿದವರು ಅಲ್ಲಿ ಕೆಲಸ ಕಳೆದುಕೊಂಡರು. ಉಳಿತಾಯವಾದ ಸಮಯ ಯಾರ ಪಾಲಿಗೆ ಸೇರಬೇಕು ಎಂಬ ಪ್ರಶ್ನೆಗೆ ಟೇಲರ್ ಬಳಿ ಕಾರ್ಮಿಕರು ಒಪ್ಪುವ ಉತ್ತರವಿರಲಿಲ್ಲ. 1911ರಲ್ಲಿ ವಾಟರ್‌ಟೌನ್ ಸೇನಾ ಶಸ್ತ್ರಾಗಾರಕ್ಕೆ ಸ್ಟಾಪ್‌ವಾಚ್ ಬಂದಾಗ ಎರಕದ ಕೆಲಸಗಾರರು ಮುಷ್ಕರ ಹೂಡಿದರು. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿ, 1915ರಲ್ಲಿ ಸೇನಾ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಬಳಸುವುದಕ್ಕೆ ಹಣ ಕೊಡದಂತೆ ತಡೆಯಿತು.

ಯುದ್ಧ ಕಲಿಸಿದ ಪಾಠ

1914ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳು ಭಾನುವಾರದ ರಜೆಯನ್ನೂ ಕೈಬಿಟ್ಟು ವಾರಕ್ಕೆ 70 ಗಂಟೆಗೂ ಹೆಚ್ಚು ದುಡಿಸತೊಡಗಿದವು. ಅಲ್ಲಿಯವರೆಗೆ ಸಿಕ್ಕಿದ್ದ ಪುರಾವೆಗಳೆಲ್ಲ ದೇಶಾಭಿಮಾನದ ಅಬ್ಬರದಲ್ಲಿ ಕೊಚ್ಚಿಹೋದವು. ಕಾರ್ಮಿಕರ ಆರೋಗ್ಯ ಕೆಟ್ಟು ಉತ್ಪಾದನೆಯೂ ನಿರೀಕ್ಷೆಯಂತೆ ಏರದಿದ್ದಾಗ, 1915ರಲ್ಲಿ ಸರ್ ಜಾರ್ಜ್ ನ್ಯೂಮನ್ ಅಧ್ಯಕ್ಷತೆಯಲ್ಲಿ ಮದ್ದುಗುಂಡು ಕಾರ್ಮಿಕರ ಆರೋಗ್ಯ ಸಮಿತಿ ರಚನೆಯಾಯಿತು.

ಸಮಿತಿಗಾಗಿ ಆಕ್ಸ್‌ಫರ್ಡ್‌ನ ಶರೀರಕ್ರಿಯಾ ವಿಜ್ಞಾನಿ ಎಚ್. ಎಂ. ವರ್ನನ್ ತಿಂಗಳುಗಟ್ಟಲೆ ಲೆಕ್ಕ ಸಂಗ್ರಹಿಸಿದರು. ಫಿರಂಗಿ ಗುಂಡಿನ ಫ್ಯೂಸ್‌ಗೆ ಬೇಕಾದ ಅಲ್ಯೂಮಿನಿಯಂ ಭಾಗಗಳನ್ನು ಲೇತ್‌ನಲ್ಲಿ ಕಡೆಯುವ ಹೆಂಗಸರು ಮೊದಲು ವಾರಕ್ಕೆ ಸುಮಾರು 66 ಗಂಟೆ ನಿಜವಾಗಿ ದುಡಿಯುತ್ತಿದ್ದರು. ಹಂತಹಂತವಾಗಿ ಇದು ಸುಮಾರು 46 ಗಂಟೆಗೆ ಇಳಿಯಿತು. ಗಂಟೆಯೊಂದರ ಉತ್ಪಾದನೆ ಶೇ. 58ರಷ್ಟು ಏರಿತು. ಇಪ್ಪತ್ತು ಗಂಟೆ ಕಡಿಮೆ ದುಡಿದರೂ ವಾರದ ಒಟ್ಟು ಉತ್ಪಾದನೆ ಶೇ. 9ರಷ್ಟು ಹೆಚ್ಚಾಗಿತ್ತು. ಏರಿಕೆ ಒಮ್ಮೆಲೇ ಆದದ್ದಲ್ಲ. ಹಳೆಯ ದಣಿವು ಕಳೆದು, ಕೈ ಹೊಸ ವೇಗಕ್ಕೆ ಹೊಂದಿಕೊಳ್ಳಲು ವಾರಗಳು ಬೇಕಾಗಿದ್ದವು. ಬಹಳ ಕಾಲದಿಂದ ಹೆಚ್ಚು ಹೊತ್ತು ದುಡಿಯುತ್ತಿದ್ದವರು ತಮಗರಿವಿಲ್ಲದೆಯೇ ದಿನವಿಡೀ ತಾಳಿಕೊಳ್ಳಬಲ್ಲ ನಿಧಾನಗತಿಗೆ ಇಳಿದಿರುತ್ತಾರೆ ಎಂಬುದು ಇದರಿಂದ ತಿಳಿಯಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆಂಕವೆಲ್ 2014ರಲ್ಲಿ ಇದೇ ಅಂಕಿಅಂಶಗಳನ್ನು ಇಂದಿನ ವಿಧಾನಗಳಿಂದ ಮತ್ತೆ ವಿಶ್ಲೇಷಿಸಿದರು. ವಾರಕ್ಕೆ ಸುಮಾರು 49 ಗಂಟೆಯವರೆಗೆ ಉತ್ಪಾದನೆ ಗಂಟೆಗೆ ತಕ್ಕಂತೆ ಏರುತ್ತದೆ, ಅದನ್ನು ದಾಟಿದ ಮೇಲೆ ಏರಿಕೆ ಕುಗ್ಗುತ್ತ ಹೋಗುತ್ತದೆ. 70 ಗಂಟೆಯ ಉತ್ಪಾದನೆಗೂ 56 ಗಂಟೆಯದಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ವಾರದ ರಜೆ ಇಲ್ಲದಿದ್ದರೆ ಉಳಿದ ದಿನಗಳ ಕೆಲಸವೂ ಕೆಡುತ್ತಿತ್ತು.

ಇಷ್ಟಾಗಿಯೂ ಎರಡನೆಯ ಮಹಾಯುದ್ಧದಲ್ಲಿ, 1940ರ ಡಂಕರ್ಕ್ ಹಿಮ್ಮೆಟ್ಟುವಿಕೆಯ ನಂತರ ಬ್ರಿಟನ್ ಮತ್ತೆ ಏಳು ದಿನದ ದುಡಿಮೆಗೆ ಮರಳಿತು. ಮೊದಲ ಕೆಲವು ವಾರ ಉತ್ಪಾದನೆ ಜಿಗಿಯಿತು, ಆಮೇಲೆ ಕುಸಿಯಿತು. ಸರ್ಕಾರ ಮತ್ತೆ ಗಂಟೆಗಳನ್ನು ಇಳಿಸಬೇಕಾಯಿತು.

ಭಾರತದ ಗಿರಣಿಗಳಲ್ಲಿ

ಮುಂಬೈಯ ಹತ್ತಿ ಗಿರಣಿಗಳಲ್ಲಿ ಮೊದಮೊದಲು ದುಡಿಮೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಆಳುಗಳ ಸಭೆ ಸೇರಿಸಿ ವಾರದ ರಜೆಗೆ ಮನವಿ ಕೊಟ್ಟರು. 1890ರಲ್ಲಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯುದ್ದೀಪ ಬಂದಿದ್ದೇ ತಡ, ಕತ್ತಲೆಯೆಂಬ ಸಹಜ ಮಿತಿಯೂ ಹೋಗಿ ದುಡಿಮೆ 14–15 ಗಂಟೆಗೆ ಬೆಳೆಯಿತು.

1908ರ ಕಾರ್ಖಾನೆ ಕಾರ್ಮಿಕ ಆಯೋಗದ ಮುಂದೆ ಮಾಲೀಕರು ಒಂದು ವಿಶಿಷ್ಟ ವಾದ ಇಟ್ಟರು. ಭಾರತದ ಆಳು ಎಡೆಬಿಡದೆ ದುಡಿಯುವವನಲ್ಲ, ಬೀಡಿ ಸೇದಲು, ನೀರು ಕುಡಿಯಲು ಆಗಾಗ ಯಂತ್ರ ಬಿಟ್ಟು ಹೋಗುತ್ತಾನೆ, ಆದ್ದರಿಂದ ಗಂಟೆ ಹೆಚ್ಚಾದರೂ ಅವನಿಗೆ ಬಾಧೆಯಿಲ್ಲ ಎಂಬುದು ಅದರ ಸಾರ. ಆಳುಗಳ ಅಡ್ಡಾಟವನ್ನು ಆಯೋಗವೂ ಗುರುತಿಸಿತು. ಆದರೆ ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ತಿರುಗುಮುರುಗಾಗಿತ್ತು. ವರ್ನನ್ ನಂತರ ಲೆಕ್ಕ ಹಾಕಿ ತೋರಿಸಿದಂತೆ, ವಿಪರೀತ ಉದ್ದದ ದಿನವನ್ನು ತಾಳಿಕೊಳ್ಳಲು ದೇಹ ತಾನೇ ಬಿಡುವು ಹುಡುಕಿಕೊಳ್ಳುತ್ತದೆ. ವಯಸ್ಕ ಗಂಡಸರ ದುಡಿಮೆಗೆ ನೇರ ಮಿತಿ ಬೇಡವೆಂದ ಬಹುಮತಕ್ಕೆ ಮದರಾಸಿನ ಡಾ. ಟಿ. ಎಂ. ನಾಯರ್ ಭಿನ್ನಮತದ ಟಿಪ್ಪಣಿ ಬರೆದರು. 1911ರ ಕಾಯ್ದೆ ಬಟ್ಟೆ ಗಿರಣಿಗಳ ಗಂಡಸರಿಗೆ 12 ಗಂಟೆಯ ಮಿತಿ ಹಾಕಿತು.

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಒಪ್ಪಂದ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿಯನ್ನು ಸಾರಿತು. ಆದರೆ ಬ್ರಿಟಿಷ್ ಇಂಡಿಯಾಕ್ಕೆ ವಿನಾಯಿತಿ ನೀಡಿ 60 ಗಂಟೆ ನಿಗದಿಪಡಿಸಲಾಯಿತು. 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ಅದು 54ಕ್ಕೆ, 1946ರ ತಿದ್ದುಪಡಿಯಲ್ಲಿ 48ಕ್ಕೆ ಇಳಿಯಿತು. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ಅದನ್ನೇ ಉಳಿಸಿಕೊಂಡು, ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಕಡ್ಡಾಯ ಮಾಡಿತು.

ಲೆಕ್ಕ ಏಕೆ ತಿದ್ದಿಹೋಗಲಿಲ್ಲ

ಚರ್ಚೆ ಮುಗಿದಿಲ್ಲ. 2023ರಲ್ಲಿ ಕರ್ನಾಟಕ, ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ ದಿನದ ದುಡಿಮೆಯನ್ನು 12 ಗಂಟೆಯವರೆಗೆ ವಿಸ್ತರಿಸಲು ಅವಕಾಶ ಕೊಡುವ ತಿದ್ದುಪಡಿ ತಂದಿತು. ಅದೇ ವರ್ಷ ಇನ್ಫೋಸಿಸ್ ಸಂಸ್ಥಾಪಕ ಎನ್. ಆರ್. ನಾರಾಯಣಮೂರ್ತಿ, ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದ್ದು ದೇಶದಾದ್ಯಂತ ಪರ–ವಿರೋಧದ ಮಾತಿಗೆ ಕಾರಣವಾಯಿತು.

ಹಳೆಯ ಪುರಾವೆಗಳಿಗೂ ಮಿತಿಗಳಿವೆ. ದುಡಿಮೆ ಇಳಿಸಿದಷ್ಟೂ ಉತ್ಪಾದನೆ ಏರುತ್ತದೆಂದು ಅವು ಹೇಳುವುದಿಲ್ಲ. 49 ಗಂಟೆಯ ಕೆಳಗೆ ಗಂಟೆ ಕಡಿಮೆಯಾದರೆ ಕೆಲಸವೂ ಕಡಿಮೆಯಾಗುತ್ತದೆ ಎಂದೇ ಪೆಂಕವೆಲ್ ಲೆಕ್ಕ ತೋರಿಸುತ್ತದೆ. ಯಂತ್ರವೇ ವೇಗ ನಿರ್ಧರಿಸುವ ಕಡೆ, ಕಾವಲುಗಾರನಂತೆ ಹಾಜರಿಯೇ ಕೆಲಸವಾಗಿರುವ ಕಡೆ ಈ ಲಾಭ ಸಿಗುವುದು ಕಡಿಮೆ. ತುರ್ತಿನ ಕೆಲವು ವಾರಗಳಲ್ಲಿ ಹೆಚ್ಚು ಹೊತ್ತು ದುಡಿದರೆ ಹೆಚ್ಚು ಕೆಲಸ ಆಗುವುದೂ ನಿಜ. ಆ ಅಲ್ಪಕಾಲದ ಫಲವನ್ನೇ ಶಾಶ್ವತವೆಂದು ನಂಬುವುದರಿಂದ ತಪ್ಪು ಲೆಕ್ಕಕ್ಕೆ ಮತ್ತೆ ಜೀವ ಬರುತ್ತದೆ.

ಇನ್ನೊಂದು ಕಾರಣ ಅಳತೆಗೆ ಸಂಬಂಧಿಸಿದ್ದು. ಗಾರ್ಡ್‌ನರ್, ಅಬ್ಬೆ, ವರ್ನನ್ ಮೂವರ ಮುಂದೆಯೂ ನೂಲು, ಮಸೂರ, ಫ್ಯೂಸ್ ಎಂಬ ಎಣಿಸಬಹುದಾದ ವಸ್ತುಗಳಿದ್ದವು. ಕಚೇರಿ ಮತ್ತು ಸಾಫ್ಟ್‌ವೇರ್ ಕೆಲಸದಲ್ಲಿ ಫಲವನ್ನು ಹಾಗೆ ಎಣಿಸಲಾಗದು. ಎಣಿಕೆಗೆ ಸುಲಭವಾಗಿ ಸಿಗುವುದು ಕುರ್ಚಿಯಲ್ಲಿ ಕುಳಿತ ಗಂಟೆಗಳು ಮಾತ್ರ. ಹೀಗಾಗಿ ಫಲದ ಜಾಗದಲ್ಲಿ ಗಂಟೆಯೇ ಬಂದು ಕೂರುತ್ತದೆ, ದಣಿವಿನಿಂದಾದ ತಪ್ಪುಗಳು ಮತ್ತು ಅವನ್ನು ತಿದ್ದಲು ಹಿಡಿದ ಹೊತ್ತು ಕೂಡ ದುಡಿಮೆಯ ಖಾತೆಗೇ ಜಮೆಯಾಗುತ್ತವೆ.