ತಮಟೆ ಕೆಳಗಿಟ್ಟವನದು ಯಾವ ಮತ?

ನಾಸ್ತಿಕತೆಯೂ ಒಂದು ನಂಬಿಕೆಯೇ ತಾನೆ? ದೇವರಿದ್ದಾನೆ ಅನ್ನುವವನದು ಒಂದು ಮತವಾದರೆ ಇಲ್ಲ ಅನ್ನುವವನದು ಇನ್ನೊಂದು ಮತ. ವಿಚಾರ ಸಂಕಿರಣಗಳಲ್ಲಿ ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ನಗುತ್ತಾ ಹೇಳುತ್ತಾರೆ. ಕೇಳುವವರೂ ತಲೆದೂಗುತ್ತಾರೆ. ದಲಿತ ಚಳವಳಿಯ ವಿಚಾರವಾದವನ್ನು ಬಾಯಿ ಮುಚ್ಚಿಸಲು ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ನೀವೂ ಭಕ್ತರೇ, ನಿಮ್ಮ ದೇವರ ಹೆಸರು 'ಇಲ್ಲ' ಅಂತ ಅಷ್ಟೆ, ಎಂದುಬಿಟ್ಟರೆ ಚರ್ಚೆ ಮುಗಿಯಿತು, ಕಾಫಿಗೆ ಹೋಗಬಹುದು.

ಈ ಮಾತಿನ ಹಿಂದೆ ದೇವರು ಎಂಬುದು ತಲೆಯೊಳಗಿನ ಸಂಗತಿ ಎಂಬ ಗ್ರಹಿಕೆ ಇದೆ. ಒಬ್ಬ ಒಪ್ಪುತ್ತಾನೆ, ಇನ್ನೊಬ್ಬ ಒಪ್ಪುವುದಿಲ್ಲ, ಇಬ್ಬರದೂ ಅಭಿಪ್ರಾಯ. ಓದುಬರಹ ಬಲ್ಲ ಜಾತಿಗಳ ಮಟ್ಟಿಗೆ ಇದು ನಿಜವೂ ಇರಬಹುದು. ಕೇರಿಯ ಚರಿತ್ರೆಯಲ್ಲಿ ಮಾತ್ರ ದೇವರು ಹೆಗಲ ಮೇಲೆ ಹೊರುವ ಸಂಗತಿಯಾಗಿತ್ತು. ಆದ್ದರಿಂದ ದಲಿತನೊಬ್ಬ 'ದೇವರಿಲ್ಲ' ಎಂದಾಗ ಅವನು ಏನು ಮಾಡುತ್ತಿದ್ದಾನೆ ಎಂಬ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಿಕೊಳ್ಳಬೇಕು.

ಮೊದಲು ನಾಸ್ತಿಕ ಎಂಬ ಪದದ ಚರಿತ್ರೆ. ಮನುಸ್ಮೃತಿಯ ಎರಡನೇ ಅಧ್ಯಾಯ ನಾಸ್ತಿಕನನ್ನು ಗುರುತಿಸುವಾಗ ದೇವರ ಪ್ರಸ್ತಾಪವನ್ನೇ ಮಾಡುವುದಿಲ್ಲ. ಅಲ್ಲಿ ನಾಸ್ತಿಕನೆಂದರೆ ತರ್ಕವನ್ನು ನೆಚ್ಚಿಕೊಂಡು ಶ್ರುತಿ ಸ್ಮೃತಿಗಳನ್ನು ಕಡೆಗಣಿಸುವ ದ್ವಿಜ. ಅವನಿಗೆ ಶಿಕ್ಷೆ ಬಹಿಷ್ಕಾರ. ಗಮನಿಸಿ, ನಾಸ್ತಿಕನಾಗುವುದಕ್ಕೂ ದ್ವಿಜನಾಗಿರಬೇಕು! ವೇದ ಕಿವಿಗೆ ಬಿದ್ದರೆ ಕಾದ ಸೀಸ ಸುರಿಯಬೇಕೆಂದು ಧರ್ಮಸೂತ್ರ ಯಾರಿಗೆ ಹೇಳಿತೋ ಅವನು ವೇದವನ್ನು ಒಪ್ಪುವುದೆಲ್ಲಿ ಬಂತು, ನಿಂದಿಸುವುದೆಲ್ಲಿ ಬಂತು? ಅವನಿಗಿಂತಲೂ ಆಚೆ ಇದ್ದ ನಮ್ಮ ಹಿರಿಯರ ಪಾಡಂತೂ ಕೇಳಲೇಬೇಡಿ. ಬಹಿಷ್ಕಾರ ಎಂಬ ಶಿಕ್ಷೆ ನಂಬಿಕೆಯ ಪ್ರಶ್ನೆ ಏಳುವ ಮೊದಲೇ ಅವರಿಗೆ ಜಾರಿಯಾಗಿತ್ತು.

ಇನ್ನೊಂದು ಕಡೆ, ಯಜ್ಞಕರ್ಮದ ಕಟ್ಟಾ ಸಮರ್ಥಕರಾದ ಮೀಮಾಂಸಕರಿಗೆ ಸೃಷ್ಟಿಕರ್ತ ಬೇಕಿರಲಿಲ್ಲ. ಕುಮಾರಿಲ ಭಟ್ಟ ಅಂಥ ಕರ್ತನೊಬ್ಬನಿದ್ದಾನೆ ಎಂಬ ವಾದವನ್ನು ಖಂಡಿಸಿದವನು. ಆದರೂ ಅವನು ಆಸ್ತಿಕ. ವೇದವನ್ನು ಒಪ್ಪಿದ, ವರ್ಣವನ್ನು ಒಪ್ಪಿದ, ಸಾಕು. ಆಧುನಿಕ ಕಾಲದಲ್ಲೂ ಅಷ್ಟೆ. ಸಾವರ್ಕರ್ 1923ರಲ್ಲಿ ಹಿಂದೂ ಯಾರು ಎಂದು ನಿರ್ವಚಿಸಿದಾಗ ಪಿತೃಭೂಮಿ ಪುಣ್ಯಭೂಮಿಗಳ ಮಾತಾಡಿದರೇ ಹೊರತು ದೇವರಲ್ಲಿ ನಂಬಿಕೆ ಇರಬೇಕೆಂಬ ಷರತ್ತು ಹಾಕಲಿಲ್ಲ. ದೇವರನ್ನು ಬಿಟ್ಟೂ ಯಜಮಾನಿಕೆಯನ್ನು ಉಳಿಸಿಕೊಳ್ಳಬಹುದು ಎಂಬುದು ಇವರಿಗೆಲ್ಲ ನಮಗಿಂತ ಮೊದಲೇ ಗೊತ್ತಿತ್ತು.

ನಮ್ಮ ಬಲಸಮುದ್ರದ ಸುತ್ತಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ನೆಲವೇ ಇದಕ್ಕೆ ಸಾಕ್ಷಿ ಹೇಳುತ್ತದೆ. ಮಧುಗಿರಿಯಲ್ಲಿ ಮಲ್ಲಿನಾಥನ ಬಸದಿ ಇದೆ, ಪಾವಗಡದ ನಿಡುಗಲ್ಲಿನಲ್ಲಿ ಜೈನರ ಗುರುತುಗಳಿವೆ. ಲೋಕವನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆ ಎಂಬುದನ್ನು ಜೈನಮತ ಒಪ್ಪುವುದಿಲ್ಲ. ವೈದಿಕರ ಲೆಕ್ಕದಲ್ಲಿ ಅದು ನಾಸ್ತಿಕ ಮತ. ಆದರೆ ಅದಕ್ಕೆ ಬಸದಿಯಿತ್ತು, ಗುರುವಿದ್ದ, ವ್ರತವಿತ್ತು, ಕರ್ನಾಟಕದುದ್ದಕ್ಕೂ ಅರಸರು ಬಿಟ್ಟ ದತ್ತಿಗಳಿದ್ದವು. ಅಂದರೆ ದೇವರಿಲ್ಲದೆಯೂ ಒಂದು ಮತ ಕಟ್ಟಲು ಬರುತ್ತದೆ, ಚರಿತ್ರೆಯಲ್ಲಿ ಕಟ್ಟಿದ್ದಾರೆ. ಅಷ್ಟರಮಟ್ಟಿಗೆ ಸಂಕಿರಣದ ಮಿತ್ರರ ಮಾತನ್ನು ಒಪ್ಪೋಣ. ಆದರೆ ಆ ಮತದ ಕಾಲದಲ್ಲಿ ಕೇರಿ ಏನಾಯಿತು? 12ನೇ ಶತಮಾನದ ವಚನಗಳಲ್ಲೇ ಹೊಲಗೇರಿ ಊರಿಂದ ಬೇರೆ ಇದೆ. ಸೃಷ್ಟಿಕರ್ತನನ್ನು ನಿರಾಕರಿಸುವುದು ಬೇರೆ, ಹೊಲಗೇರಿಯನ್ನು ನಿರಾಕರಿಸುವುದು ಬೇರೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡದೆ ಆರಾಮಾಗಿ ಇದ್ದವರು ನಮ್ಮಲ್ಲಿ ಸಾಕಷ್ಟು ಮಂದಿ.

ಈಗ ಕೇರಿಯ ದೇವರಿಗೆ ಬರೋಣ. ಮಾರಮ್ಮನ ಕಥೆಯನ್ನು ನಮ್ಮ ಸೀಮೆಯಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ, ಆದರೂ ಇಲ್ಲಿ ಹೇಳಲೇಬೇಕು. ಅಸ್ಪೃಶ್ಯರ ಹುಡುಗನೊಬ್ಬ ಜಾತಿ ಮರೆಸಿ, ವಿದ್ಯೆ ಕಲಿತು, ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ. ಒಂದು ದಿನ ಅವನ ತಾಯಿ ಬರುತ್ತಾಳೆ. ಊಟಕ್ಕೆ ಕೂತಾಗ, ಬಡಿಸಿದ ಸಿಹಿಯ ರುಚಿ ಸುಟ್ಟ ಕೋಣನ ನಾಲಗೆಯಂತೆ ಇದೆ ಅಂದುಬಿಡುತ್ತಾಳೆ. ಗುಟ್ಟು ಒಡೆಯುತ್ತದೆ. ಹೆಂಡತಿ ಉರಿದು ಮಾರಿಯಾಗುತ್ತಾಳೆ, ಗಂಡ ಓಡಿಹೋಗಿ ಕೋಣದೊಳಗೆ ಸೇರುತ್ತಾನೆ, ಅವಳು ಬೆನ್ನಟ್ಟಿ ಕೊಲ್ಲುತ್ತಾಳೆ. ಕಥೆ ಊರಿಂದೂರಿಗೆ ಅಷ್ಟಿಷ್ಟು ಬದಲಾಗುತ್ತದೆ, ಕೋಣ ಬದಲಾಗುವುದಿಲ್ಲ. ಆ ಗಂಡನ ತಪ್ಪಾದರೂ ಏನು? ಕಲಿತದ್ದು ಮತ್ತು ಮದುವೆಯಾದದ್ದು. ಜಾತ್ರೆ ಬಂದಾಗ ಅವನನ್ನು ಮತ್ತೆ ಕೊಲ್ಲಬೇಕು. ಕೋಣ ಹಿಡಿಯುವವನು ಯಾರು, ತಲೆ ಹೊರುವವನು ಯಾರು, ರಕ್ತದ ಅನ್ನವನ್ನು ರಾತ್ರಿ ಊರ ಸುತ್ತ ಎರಚಿಕೊಂಡು ಬರುವವನು ಯಾರು? ಆ ಸತ್ತ ಗಂಡನ ಕುಲದವನೇ. ತನ್ನ ಹಿರೀಕನ ಕೊಲೆಗೆ ತಾನೇ ತಮಟೆ ಬಡಿಯಬೇಕು. ಮಧುಗಿರಿಯ ದಂಡಿನ ಮಾರಮ್ಮನಿಂದ ಹಿಡಿದು ಗಡಿಯಾಚೆಯ ಅನಂತಪುರದ ಹಳ್ಳಿಗಳವರೆಗೆ ಈ ಹೆಸರಿನ ತಾಯಂದಿರು ಎಷ್ಟೋ ಮಂದಿ. ಕರ್ನಾಟಕದಲ್ಲಿ ಪ್ರಾಣಿಬಲಿ ತಡೆಯುವ ಕಾನೂನು 1959ರಲ್ಲೇ ಬಂತು. ಅದು ಕೋಣನ ಜೀವದ ಬಗ್ಗೆ ಮಾತಾಡಿತು, ಕೋಣ ಹಿಡಿಯುವವನ ಚಾಕರಿಯ ಬಗ್ಗೆ ಮಾತಾಡಲಿಲ್ಲ.

ಈ ವ್ಯವಸ್ಥೆಯಲ್ಲಿ ತಮಟೆಯವನು ದೇವರನ್ನು ನಂಬುತ್ತಾನೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ನಂಬಿದರೂ ಬಡಿಯಬೇಕು, ನಂಬದಿದ್ದರೂ ಬಡಿಯಬೇಕು. ನಮ್ಮ ಅಸಾದಿಗಳನ್ನೇ ನೋಡಿ. ಮಾರಿಯ ಕಥೆ ಹಾಡುವವರೂ ಅವರೇ, ತಾಯಿಯ ಎದುರು ನಿಂತು ಬಾಯಿಗೆ ಬಂದಂತೆ ಬೈಯುವವರೂ ಅವರೇ. ಇದನ್ನು ಆಸ್ತಿಕತೆ ಅನ್ನಬೇಕೋ ನಾಸ್ತಿಕತೆ ಅನ್ನಬೇಕೋ? ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳನ್ನೇ ತಮ್ಮ ಸಂಶೋಧನೆಯ ವಿಷಯ ಮಾಡಿಕೊಂಡದ್ದು, ಅದಕ್ಕೂ ಮೊದಲು 'ಅವತಾರಗಳು' ಬರೆದದ್ದು ಸುಮ್ಮನೆ ಅಲ್ಲ. ವಿಚಾರವಾದಿಯಾಗಿದ್ದ ಕವಿಗೆ, ಕೇರಿಯವರು ದೇವರ ಜೊತೆ ನಡೆಸುವ ಜಗಳ, ಚೌಕಾಸಿ, ಸಲಿಗೆ ಯಾವುದೂ 'ನಂಬಿಕೆ' ಎಂಬ ಪದದೊಳಗೆ ಹಿಡಿಯುವುದಿಲ್ಲ ಎಂಬುದು ಗೊತ್ತಾಗಿತ್ತು. 1984ರ 'ಕುಸುಮಬಾಲೆ'ಯಲ್ಲಿ ದೇವನೂರ ಮಹಾದೇವ ಜೋತಮ್ಮಗಳನ್ನು ಮಾತಾಡಿಸಿದಾಗಲೂ ಆದದ್ದು ಇದೇ. ಚಳವಳಿಯ ಲೇಖಕ ದೀಪದ ಆತ್ಮಗಳನ್ನು ಕರೆತಂದನಲ್ಲ ಎಂದು ಯಾರಾದರೂ ಹುಬ್ಬೇರಿಸಿದರೆ ಅವರಿಗೆ ಕೇರಿ ಗೊತ್ತಿಲ್ಲ ಎಂದೇ ಅರ್ಥ.

1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿನಿಂದ ಎದ್ದ ಗಲಭೆ, ಆಮೇಲೆ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿ, ಇವೆಲ್ಲ ಈ ಸಂಚಿಕೆಯ ಓದುಗರಿಗೆ ತಿಳಿದದ್ದೇ. ನಾನು ಹೇಳಬೇಕಿರುವುದು ಒಂದೇ ಸಂಗತಿ. ಹಳ್ಳಿಗಳಲ್ಲಿ ಆ ಚಳವಳಿ ದೇವರಿಲ್ಲ ಎಂಬ ಪಾಠದಿಂದ ಶುರುವಾಗಲಿಲ್ಲ. ಸತ್ತ ದನ ಹೊರಲ್ಲ, ಬಿಟ್ಟಿ ತಮಟೆ ಬಡಿಯಲ್ಲ, ಇಷ್ಟರಿಂದ ಶುರುವಾಯಿತು. ಊರು ಅದಕ್ಕೆ ತರ್ಕಶಾಸ್ತ್ರದಿಂದ ಉತ್ತರ ಕೊಡಲಿಲ್ಲ. ಕೂಲಿ ನಿಲ್ಲಿಸಿತು, ಅಂಗಡಿಯಲ್ಲಿ ಸಾಮಾನು ನಿಲ್ಲಿಸಿತು, ನೀರು ನಿಲ್ಲಿಸಿತು. ಮನುವಿನ ನಾಸ್ತಿಕನಿಗೆ ಹೇಳಿದ ಶಿಕ್ಷೆಯೇ! ನಂಬಿಕೆ ಬದಲಾದದ್ದಕ್ಕೆ ಯಾರೂ ನೀರು ನಿಲ್ಲಿಸುವುದಿಲ್ಲ. ದುಡಿಮೆ ನಿಂತದ್ದಕ್ಕೆ ನಿಲ್ಲಿಸುತ್ತಾರೆ. ಹಾಗಾಗಿ ಕೇರಿಯ ನಿರೀಶ್ವರವಾದವನ್ನು ಮುಷ್ಕರ ಎಂದು ಕರೆಯುವುದು ಹೆಚ್ಚು ಸರಿ. ಮುಷ್ಕರವೂ ಒಂದು ಉದ್ಯೋಗವೇ ಎಂದು ಯಾರೂ ಹೇಳುವುದಿಲ್ಲವಲ್ಲ. (ಅದೇ ತಮಟೆ ಮುಂದೆ ಹೋರಾಟದ ಮೆರವಣಿಗೆಗಳಲ್ಲಿ ಮೊಳಗಿತು. ಚರ್ಮ ಅದೇ, ಸದ್ದು ಅದೇ, ಬಿಟ್ಟಿ ಮಾತ್ರ ಹೋಗಿತ್ತು.)

ನಗರದ ವಿಚಾರವಾದದ ಕಥೆ ಬೇರೆ. ಮಧುಗಿರಿಯ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದರು, ಸತ್ಯಸಾಯಿಬಾಬಾ ಅವರಿಗೆ ಸವಾಲು ಹಾಕಿದರು. ಅವರ ಧೈರ್ಯ ದೊಡ್ಡದು, ಅದನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆದರೆ ಪವಾಡ ಸುಳ್ಳೆಂದು ಸಾಬೀತಾದ ಮಾತ್ರಕ್ಕೆ ತಮಟೆಯ ಚಾಕರಿ ನಿಲ್ಲುವುದಿಲ್ಲ. ಮಾರಮ್ಮ ಯಾವತ್ತೂ ಗಾಳಿಯಿಂದ ವಿಭೂತಿ ಸೃಷ್ಟಿಸಿ ತೋರಿಸಿದವಳಲ್ಲ.

ಈ ಎರಡು ವಿಚಾರವಾದಗಳೂ ಒಂದೇ ಎಂಬ ಭ್ರಮೆ ಹುಟ್ಟಿದ್ದು ಚಂದ್ರಗುತ್ತಿಯಲ್ಲಿ. 1986ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಆ ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಬಿತ್ತು, ಪೊಲೀಸರನ್ನೇ ಬಟ್ಟೆ ಬಿಚ್ಚಿ ನಡೆಸಿದರು. ಸರ್ಕಾರ ಆಮೇಲೆ ಸೇವೆಯನ್ನು ನಿಷೇಧಿಸಿತು. ಆಧುನಿಕರಾದ ನಾವು ಭಕ್ತರ ನಂಬಿಕೆಯನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ ಎಂಬ ಅಳುಕನ್ನು ಯು.ಆರ್. ಅನಂತಮೂರ್ತಿ 'ಬೆತ್ತಲೆ ಪೂಜೆ ಯಾಕೆ ಕೂಡದು' ಎಂಬ ಪ್ರಬಂಧದಲ್ಲಿ ತೋಡಿಕೊಂಡರು. ಪ್ರಾಮಾಣಿಕ ಅಳುಕು, ಒಪ್ಪೋಣ. ಆದರೆ ಆ ಅಳುಕಿನಲ್ಲಿ ವಿಚಾರವಾದಿಯ ಎದುರು ಭಕ್ತ ನಿಂತಿದ್ದಾನೆ, ಒಂದು ನಂಬಿಕೆಯ ಎದುರು ಇನ್ನೊಂದು ನಂಬಿಕೆ. ಬೆತ್ತಲಾಗಿ ಓಡುತ್ತಿದ್ದವರಲ್ಲಿ ಕೆಳಜಾತಿಗಳ ಬಡ ಹೆಂಗಸರೇ ಯಾಕೆ ಹೆಚ್ಚು ಎಂಬ ಪ್ರಶ್ನೆ ಆ ಚೌಕಟ್ಟಿನಲ್ಲಿ ಸಣ್ಣದಾಗಿಬಿಡುತ್ತದೆ. ದಲಿತ ಸಂಘರ್ಷ ಸಮಿತಿಯವರು ಅಲ್ಲಿಗೆ ಹೋದದ್ದು ತತ್ವಶಾಸ್ತ್ರದ ತೀರ್ಪು ಕೊಡಲಿಕ್ಕಲ್ಲ, ತಮ್ಮ ಅಕ್ಕತಂಗಿಯರ ಮೈಮೇಲಿನ ಬಟ್ಟೆಗಾಗಿ. ಹಾಗೆಂದು ಚಳವಳಿಯನ್ನು ಪೂರ್ತಿ ಬಿಟ್ಟುಕೊಡಲೂ ಆಗುವುದಿಲ್ಲ. ಅಲ್ಲಿ ತಿರುಗಿಬಿದ್ದವರಲ್ಲಿ ಭಕ್ತರೂ ಇದ್ದರು, ಅವರೊಂದಿಗೆ ಮಾತಾಡುವ ಭಾಷೆ ನಮ್ಮ ಭಾಷಣಗಳಲ್ಲಿರಲಿಲ್ಲ. 1993ರ 'ದ ಫ್ಲೇಮಿಂಗ್ ಫೀಟ್'ನಲ್ಲಿ ಡಿ.ಆರ್. ನಾಗರಾಜ್, ದಲಿತರ ಗತಕಾಲವೆಂದರೆ ಬರೀ ಅವಮಾನ ಎಂದು ತಿಳಿದು ಸಾಂಸ್ಕೃತಿಕ ನೆನಪನ್ನೆಲ್ಲ ಎಸೆಯುವುದರ ಅಪಾಯವನ್ನು ಹೇಳಿದ್ದು ಇದಕ್ಕೇ.

ತಮಟೆ ಕೆಳಗಿಟ್ಟ ಮೇಲೆ ಮದುವೆಗೆ ಏನು, ಮಣ್ಣಿಗೆ ಏನು? ಮುಷ್ಕರಕ್ಕೆ ಇದರ ಉತ್ತರ ಗೊತ್ತಿಲ್ಲ. ಅಂಬೇಡ್ಕರ್ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. 1935ರಲ್ಲಿ ಯೆವಲೆಯಲ್ಲಿ ಹಿಂದೂವಾಗಿ ಸಾಯಲಾರೆ ಎಂದವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾಗುವವರೆಗೆ 21 ವರ್ಷ ತೆಗೆದುಕೊಂಡರು. ದೇವರು ಬೇಡವೆಂದಷ್ಟೇ ಆಗಿದ್ದರೆ 21 ದಿನವೂ ಬೇಕಿರಲಿಲ್ಲ. 22 ಪ್ರತಿಜ್ಞೆಗಳಲ್ಲಿ ಮೊದಲಿನವು ದೇವರುಗಳ ನಿರಾಕರಣೆ, ಆಮೇಲಿನವುಗಳಲ್ಲಿ ಸಮಾನತೆ, ಕರುಣೆ, ಕುಡಿಯದಿರುವುದು, ಕದಿಯದಿರುವುದು. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಮತವನ್ನೂ ಧಮ್ಮವನ್ನೂ ಬೇರ್ಪಡಿಸುತ್ತಾರೆ: ಒಂಟಿ ಮನುಷ್ಯನಿಗೆ ಧಮ್ಮದ ಅಗತ್ಯವಿಲ್ಲ, ಇಬ್ಬರು ಸೇರಿ ಬಾಳಬೇಕಾದಾಗ ಅದು ಬೇಕೇ ಬೇಕು. ಪಾವಗಡದಿಂದ ಉತ್ತರಕ್ಕೆ ಮೊಳಕಾಲ್ಮುರು ಕಡೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನದ ಒಂದು ಭಾಗ ತಂದೆತಾಯಿಗೆ ವಿಧೇಯನಾಗಿರು, ಜೀವಿಗಳಲ್ಲಿ ದಯೆಯಿರಲಿ, ನಿಜ ಹೇಳು ಎಂಬ ಅರ್ಥದ ಮಾತು ಹೇಳಿ ಅದನ್ನೇ ಧಮ್ಮದ ಗುಣವೆನ್ನುತ್ತದೆ. ಅಂಬೇಡ್ಕರ್ ಎತ್ತಿಕೊಂಡದ್ದು ಈ ಎಳೆಯನ್ನು. ಅಂದರೆ ನಾಸ್ತಿಕತೆ ಮತವಾಗಲಾರದು ಎಂಬುದು ಅವರಿಗೆ ತಿಳಿದಿತ್ತು. ಆದ್ದರಿಂದಲೇ ಅದರ ಪಕ್ಕಕ್ಕೆ ಧಮ್ಮವನ್ನು ಬೇರೆಯಾಗಿ ತಂದು ನಿಲ್ಲಿಸಬೇಕಾಯಿತು.

ಪಾವಗಡದ ತೆಲುಗು ಮಾತಾಡುವ ಮಿತ್ರರಿಗೆ ವಿಜಯವಾಡದ ನಾಸ್ತಿಕ ಕೇಂದ್ರದ ಗೋರಾ ಗೊತ್ತಿರುತ್ತಾರೆ. ತಮ್ಮ ಮಗಳನ್ನು ದಲಿತ ತರುಣನಿಗೆ ಕೊಟ್ಟು 1948ರಲ್ಲಿ ಸೇವಾಗ್ರಾಮದಲ್ಲಿ ಮದುವೆ ಮಾಡಿದರು. ಅದನ್ನು ಗಾಂಧೀಜಿ ತಾವೇ ನಡೆಸಿಕೊಡಬೇಕಿತ್ತು, ಪ್ರತಿಜ್ಞೆಯಲ್ಲಿ ದೇವರ ಜಾಗದಲ್ಲಿ ಸತ್ಯ ಎಂಬ ಪದ ಇಡಲು ಒಪ್ಪಿದ್ದರು, ಅಷ್ಟರಲ್ಲಿ ಅವರ ಕೊಲೆಯಾಯಿತು. ನಮ್ಮಲ್ಲಿ ಕುವೆಂಪು 1966ರಲ್ಲಿ ತೇಜಸ್ವಿಯವರ ಮದುವೆಗೆ ಮಂತ್ರಮಾಂಗಲ್ಯ ರೂಪಿಸಿದರು. ತಮಿಳುನಾಡಿನಲ್ಲಿ ಪೆರಿಯಾರ್ ಕಡೆಯ ಸ್ವಾಭಿಮಾನ ವಿವಾಹಕ್ಕೆ ಅಣ್ಣಾದೊರೆ ಸರ್ಕಾರ 1967ರಲ್ಲಿ ಕಾನೂನಿನ ಮಾನ್ಯತೆ ತಂದಿತು. ಹೇಗೆ? ಹಿಂದೂ ವಿವಾಹ ಕಾಯಿದೆಗೇ ತಿದ್ದುಪಡಿ ಮಾಡಿ! ಆ ಕಾಯಿದೆ ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರನ್ನೆಲ್ಲ ಸಾಮಾನ್ಯವಾಗಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ದೇವರಿಲ್ಲ ಅಂದರೂ ನೀನು ಹಿಂದೂ. ಕುಮಾರಿಲನ ಕಾಲದಿಂದ ಬಂದ ಪಾಠ.

ಈಗ ಸಂಕಿರಣದ ನಗೆಮಾತಿಗೆ ಮತ್ತೆ ಬರೋಣ, ಯಾಕೆಂದರೆ ಅದರ ಬೆಲೆ ತೆರಬೇಕಾದವರು ಯಾರು ಎಂಬುದು ಕಾನೂನಿನಲ್ಲಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪ್ಯಾರಾ ಹಿಂದೂ ಧರ್ಮಕ್ಕಿಂತ ಬೇರೆ ಧರ್ಮ ಅವಲಂಬಿಸಿದವರನ್ನು ಪರಿಶಿಷ್ಟ ಜಾತಿಯವರೆಂದು ಎಣಿಸಲಿಲ್ಲ. 1956ರಲ್ಲಿ ಸಿಖ್ಖರು ಸೇರಿದರು, ಬೌದ್ಧರು ಸೇರಿದ್ದು 1990ರಲ್ಲಿ. ಬಾಬಾಸಾಹೇಬರ ಜೊತೆ ಧಮ್ಮ ಸ್ವೀಕರಿಸಿದವರು 34 ವರ್ಷ ಆ ಪಟ್ಟಿಯ ಹೊರಗೆ ನಿಂತರು. ಕ್ರೈಸ್ತ, ಮುಸ್ಲಿಂ ದಲಿತರು ಇವತ್ತಿಗೂ ಹೊರಗೇ ಇದ್ದಾರೆ. ಇಲ್ಲಿ 'ಬೇರೆ ಧರ್ಮ' ಎಂಬ ಎರಡು ಪದಗಳನ್ನು ಹಿಡಿದುಕೊಳ್ಳಿ. ಯಾವ ಧರ್ಮವೂ ಇಲ್ಲದವನು ಬೇರೆ ಧರ್ಮದವನಲ್ಲ ಎಂದು ಓದಲು ಬರುತ್ತದೆ. ನಾಸ್ತಿಕತೆಯೂ ಒಂದು ಧರ್ಮ ಎಂದಾದರೆ? ಆಗ ದಲಿತ ನಾಸ್ತಿಕನೂ ಬೇರೆ ಧರ್ಮದವನೇ. ಅಮೆರಿಕದಲ್ಲಿ 2005ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಕೈದಿಯೊಬ್ಬನ ನಾಸ್ತಿಕತೆಯನ್ನು ಧರ್ಮದಂತೆಯೇ ಪರಿಗಣಿಸಬೇಕೆಂದಿತು, ಜೈಲಿನಲ್ಲಿ ಅವನು ಅಧ್ಯಯನ ಗುಂಪು ಕೇಳಿದ್ದ. ಅಲ್ಲಿ ಆ ಮಾತು ರಕ್ಷಣೆ. ಇಲ್ಲಿ ಅದೇ ಮಾತು ಹಾಸ್ಟೆಲು, ವಿದ್ಯಾರ್ಥಿವೇತನ, ನೌಕರಿಗಳ ಬಾಗಿಲು ಮುಚ್ಚಬಲ್ಲದು. 2014ರಲ್ಲಿ ಮುಂಬಯಿ ಹೈಕೋರ್ಟು ಯಾವ ಧರ್ಮಕ್ಕೂ ಸೇರಿಲ್ಲ ಎಂದು ಹೇಳಿಕೊಳ್ಳುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲೇ ಇದೆ ಎಂದಿತು. ಅದು ಧರ್ಮ ಇಲ್ಲದಿರುವ ಹಕ್ಕು, ಇಲ್ಲದಿರುವುದೇ ಒಂದು ಧರ್ಮ ಎಂಬ ತೀರ್ಪಲ್ಲ.

ಕಾಲೇಜು ಪ್ರವೇಶದ ಹೊತ್ತಿಗೆ ಅರ್ಜಿ ಹಿಡಿದುಕೊಂಡು ಬರುವ ಹುಡುಗ ಹುಡುಗಿಯರಲ್ಲಿ ಒಬ್ಬಿಬ್ಬರಾದರೂ ಧರ್ಮ ಎಂಬ ಕಲಮಿನ ಮುಂದೆ ಪೆನ್ನು ಹಿಡಿದು ನಿಲ್ಲುತ್ತಾರೆ. ಹಿಂದೂ ಅಂತ ಬರೆಯೋಕೆ ಮನಸ್ಸಿಲ್ಲ ಸಾರ್, ಏನು ಬರೀಲಿ ಅಂತಾರೆ. ಬೌದ್ಧ ಅಂತ ಬರೆಯುವುದಿದ್ದರೆ ಮನೆಯಲ್ಲಿ ಕೇಳಿಕೊಂಡು ಬಾ, ಧಮ್ಮ ಒಬ್ಬರದಲ್ಲ ಎನ್ನುತ್ತೇನೆ. ಬೇಡ ಅನ್ನುವುದಾದರೆ 'ಯಾವುದೂ ಇಲ್ಲ' ಅಂತ ಬರಿ, 'ನಾಸ್ತಿಕ ಧರ್ಮ' ಅಂತ ಮಾತ್ರ ಬರೀಬೇಡ. ಜಾತಿ ಕಲಮನ್ನು ಪೂರ್ತಿ ತುಂಬಿಸು, ಸರ್ಟಿಫಿಕೇಟಿನ ನಂಬರು ಸಮೇತ.