ಹಳದಿ ಬೋರ್ಡ್ ಬಿಳಿ ಆದದ್ದು: ನಮ್ಮೂರ ಬಾಡಿಗೆ ಕಾರಿನ ಕಥೆ

ಇವತ್ತಿನ ಸಂಚಿಕೆ ಶುರುವಾಗುವುದು ಬೆಳ್ತಂಗಡಿಯ ನಮ್ಮ ಮನೆಯ ಅಂಗಳದಿಂದ. ಹೋದ ವರ್ಷ ಅಪ್ಪ ತಮ್ಮ ಟೂರಿಸ್ಟ್ ಕಾರನ್ನು ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಮಾಡಿಸಿದರು. ಹೊಸ ಪ್ಲೇಟ್ ಕೂರಿಸಿದ ಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡಿ, "ಇನ್ನು ಸ್ಟ್ಯಾಂಡಿನಲ್ಲಿ ನಿಲ್ಲುವ ಹಾಗಿಲ್ಲ ಅಲ್ವಾ" ಅಂದರು.

ಒಂದು ವಿಷಯ ಗೊತ್ತುಂಟಾ? 1996ರಲ್ಲಿ ಅಪ್ಪ ಬಾಡಿಗೆ ಅಂಬಾಸಿಡರ್ ಓಡಿಸಲು ಶುರು ಮಾಡಿದಾಗ ಬಿಳಿ ಬೋರ್ಡೇ ಬಾಡಿಗೆ ಗಾಡಿಯ ಗುರುತು. ಬಿಳಿ ಪ್ಲೇಟಿನ ಮೇಲೆ ಕಪ್ಪಕ್ಷರ ಇದ್ದರೆ ಬಾಡಿಗೆಯದ್ದು, ಕಪ್ಪು ಪ್ಲೇಟಿನ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತದ್ದು. ಹಳದಿ ಬಂದದ್ದು 2000ದ ದಶಕದ ಆರಂಭದಲ್ಲಿ. ಬಣ್ಣ ಅದಲುಬದಲಾಯ್ತು, ಗೆರೆ ಹಾಗೇ ಉಳಿಯಿತು.

ಆ ಗೆರೆ ಎಳೆದದ್ದು 1939ರ ಮೋಟಾರು ವಾಹನ ಕಾಯ್ದೆ. ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ದುಡ್ಡಿಗೆ ಜನ ಸಾಗಿಸಬೇಕಾದರೆ ಪರ್ಮಿಟ್ ಬೇಕು ಅಂತ ಕಾಯ್ದೆ ಹೇಳಿತು. ಅದರಲ್ಲೂ ಎರಡು ಬಗೆ: ದಾರಿಯಲ್ಲಿ ಹತ್ತಿಸಿ ಇಳಿಸುವ ಬಸ್ಸು ಒಂದು, ಒಬ್ಬರೇ ಇಡೀ ಗಾಡಿ ಹಿಡಿಯುವ ಬಾಡಿಗೆ ಕಾರು ಇನ್ನೊಂದು. ಆದರೆ ಬಸ್ಸು ಕಮ್ಮಿ ಇದ್ದ ಕಡೆ ಜನ ಕಾಯ್ತಾರಾ? ಬಂಟ್ವಾಳ, ಮೂಡುಬಿದಿರೆ ಕಡೆ ಅಂಬಾಸಿಡರ್, ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಜೀಪು 'ಸರ್ವಿಸ್' ಹೊಡೆದವು. ಡ್ರೈವರ್ ಸೀಟಿನಲ್ಲೂ ಅರ್ಧ ಪಾಲು ಬೇರೆಯವರಿಗೆ! ಕಾನೂನಿಗೆ ಅದು ತಪ್ಪು, ಊರಿಗೆ ಅದೇ ಉಪಕಾರ.

1988ರ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಕೆಎ-19 ಮಂಗಳೂರಿಗೆ, ಕೆಎ-21 ಪುತ್ತೂರಿಗೆ. ಎಷ್ಟೋ ವರ್ಷದ ಮೇಲೆ ಕೆಎ-70 ಬಂಟ್ವಾಳಕ್ಕೆ. ಪರ್ಮಿಟ್ ಮಾತ್ರ ಎಲ್ಲೂ ಹೋಗಲಿಲ್ಲ.

ಹಾಗಾಗಿ ಬೋರ್ಡ್ ಬದಲಿಸುವುದು ಅಂದ್ರೆ ಪೇಂಟಿನ ಕೆಲಸ ಅಲ್ಲ ಮಾರಾಯ್ರೆ. ಪರ್ಮಿಟ್ ಒಪ್ಪಿಸಬೇಕು, ಬಾಕಿ ತೆರಿಗೆ ಕಟ್ಟಬೇಕು, ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರ ತರಬೇಕು, ಗಾಡಿಯ ವಯಸ್ಸು ನೋಡಿ ಲೈಫ್‌ಟೈಮ್ ಟ್ಯಾಕ್ಸ್ ತುಂಬಬೇಕು, ಇನ್ಶೂರೆನ್ಸ್ ಬದಲಿಸಬೇಕು. ಬಾಡಿಗೆ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಸ್ವಂತ ಗಾಡಿಯ ನೋಂದಣಿಗೆ 15 ವರ್ಷ ಆಯುಷ್ಯ. ನಾನು ಬಿ.ಕಾಂ. ಓದಿದವನು, ನನಗೆ ಕಂಡದ್ದು ಇಷ್ಟು: ನಿನ್ನೆವರೆಗೆ ಬಂಡವಾಳ ಆಗಿದ್ದ ಕಾರು ಇವತ್ತು ಮನೆಖರ್ಚಿನ ಲೆಕ್ಕಕ್ಕೆ ಬಂತು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಹಳೆ ಗಿರಾಕಿಗಳು ಫೋನ್ ಮಾಡ್ತಾರೆ: "ಅಣ್ಣಾ, ಧರ್ಮಸ್ಥಳ, ಸುಬ್ರಹ್ಮಣ್ಯ ಒಂದು ಟ್ರಿಪ್. ಯಾರಿಗೆ ಗೊತ್ತಾಗ್ತದೆ?" ಮನೆಯಲ್ಲಿ ಸಾಲ ಉಂಟು, ದುಡ್ಡು ಬೇಕು. ಹೋಗಿ ಅಂತ ನಾನೂ ಒಂದು ಸಲ ಹೇಳಿಬಿಟ್ಟೆ.

ಅಪ್ಪ ಹೋಗಲಿಲ್ಲ. ಪರ್ಮಿಟ್ ಇಲ್ಲದೆ ಬಾಡಿಗೆ ಮಾಡಿದರೆ 2019ರ ತಿದ್ದುಪಡಿಯಂತೆ 10,000 ರೂಪಾಯಿವರೆಗೆ ದಂಡ; ಅಪಘಾತವಾದರೆ ಇನ್ಶೂರೆನ್ಸಿನವರು ತಕರಾರು ತೆಗೆಯುತ್ತಾರೆ. ಆದರೆ ಅವರು ಕೊಟ್ಟ ಕಾರಣ ಬೇರೆ. "ವೈಟ್ ಬೋರ್ಡಿನವರು ನಮ್ಮ ಅನ್ನ ಕಸಿಯುತ್ತಾರೆ ಅಂತ ಇಷ್ಟು ವರ್ಷ ಸ್ಟ್ಯಾಂಡಿನಲ್ಲಿ ಬೈದವನು ನಾನೇ. ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ?"

ಗಿರಾಕಿಯ ನಂಬರನ್ನು ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರಿಗೆ ಕೊಟ್ಟರು. ನಿಮ್ಮ ಮನೆಯಲ್ಲೂ ಹೀಗೆ ಬೋರ್ಡ್ ಬದಲಾದ ಕಾರಿದ್ದರೆ, ಅದರ ಕಥೆ ಕೇಳಿ ಇಟ್ಟುಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗುವ.